ಮೂಳೆಗೆ ಜಾತಿ ಕೇಳೋರಿಗೆ

ರಾಖಿಗಢಿಯ ಹೆಣ್ಣುಮಗಳ ವಿಷಯ ಮತ್ತೆ ಓಡಾಡ್ತಿದೆ. ಹರಿಯಾಣದ ಆ ಸಿಂಧೂ ನಾಗರಿಕತೆಯ ಊರಲ್ಲಿ 60ಕ್ಕೂ ಹೆಚ್ಚು ಮೂಳೆ ಮಾದರಿ ಪರೀಕ್ಷಿಸಿದರೆ, ಓದಲು ಬಂದದ್ದು ಆಕೆಯ ಡಿಎನ್‌ಎ ಒಂದೇ. ಅದರಲ್ಲಿ ಮಧ್ಯ ಏಷ್ಯಾ ಕಡೆಯಿಂದ ಬಂದ ಹುಲ್ಲುಗಾವಲಿನ ಪಶುಪಾಲಕರ ಅಂಶ ಇಲ್ಲ ಅಂತ 2019ರಲ್ಲಿ ಪ್ರಕಟವಾಯ್ತು.

"ಅಣ್ಣಾ, ನಾವೇ ಮೂಲನಿವಾಸಿಗಳು ಅಂತ ಸೈನ್ಸೇ ಹೇಳ್ತಲ್ಲ!" ಅಂತಾರೆ ನಮ್ಮ ಹುಡುಗರು. ಊರಾಚೆ ಇಡಿಸಿಕೊಂಡವರಿಗೆ ಆ ಖುಷಿ ಯಾಕೆ ಅಂತ ನನಗೂ ಗೊತ್ತು. ಆದರೆ ಆಕೆ ನಮಗೊಬ್ಬರಿಗೇ ಅಜ್ಜಿಯಲ್ಲ. ಸಿಂಧೂ ಜನರ ಅಂಶ ಬ್ರಾಹ್ಮಣರಲ್ಲೂ ಇದೆ, ನಮ್ಮಲ್ಲೂ ಇದೆ. ಹುಲ್ಲುಗಾವಲಿನವರು ಆಮೇಲೆ ಬಂದರು, ಇಲ್ಲಿಯವರ ಜೊತೆ ಬೆರೆತರು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೂ ಇಲ್ಲಿ ಬೆರಕೆ ನಡೆದಿತ್ತು ಅಂತ 2013ರ ಅಧ್ಯಯನವೊಂದು ಹೇಳುತ್ತೆ. ಬೇಲಿ ಬಿದ್ದದ್ದು ಆಮೇಲೆ.

ಆ ಬೇಲಿಯ ಹೆಸರು ಒಳಮದುವೆ. ಜಾತಿಯ ಜೀವಾಳ ಅದೇ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ತೋರಿಸಿದ್ದರು. ಆಗ ಈ ಪರೀಕ್ಷೆಗಳೆಲ್ಲ ಎಲ್ಲಿದ್ದವು?

ಮೊದಲು ಬಂದೋರು ಯಾರು ಅನ್ನೋದರ ಮೇಲೆ ನಮ್ಮ ಹಕ್ಕು ನಿಂತಿಲ್ಲ. ನಿನ್ನೆ ಬಂದವನಿಗೂ ಕೆರೆಯ ನೀರು ಸಿಗಬೇಕು. ಶುದ್ಧ ರಕ್ತದ ಕತೆ ಅವರದ್ದು, ಅದನ್ನ ನಾವು ಸಾಲ ತರೋದು ಬೇಡ. ಬೇಲಿ ಕೀಳೋ ಕೆಲಸ ಬಾಕಿ ಇದೆ.

ಜೈ ಭೀಮ್.