ಮೂಟೆ ತಲುಪಬೇಕಾದ ದಾರಿ

ಬೆಳೆ ಕೈಗೂಡಿದ ವರ್ಷ ತರಗತಿ ತುಂಬುತ್ತಿತ್ತು; ಬೆಳೆ ಸೋತ ವರ್ಷ ಹಲವು ಮಕ್ಕಳು ಶಾಲೆ ಬಿಡುತ್ತಿದ್ದರು. ನೈಜೀರಿಯಾದ ಹಳ್ಳಿಶಾಲೆಯೊಂದರಲ್ಲಿ ಇದನ್ನು ಕಂಡು ಬೆಳೆದವರು ಅಕಿನ್ವುಮಿ ಅಡೆಸಿನಾ. ಅವರ ತಾತ, ತಂದೆ ಪರರ ಹೊಲಗಳಲ್ಲಿ ಕೂಲಿ ಮಾಡಿದವರು.

ಇಫೆ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರ ಓದಿದ ಅಡೆಸಿನಾ, 1988ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ ಕೇಂದ್ರ ಕಚೇರಿಯುಳ್ಳ ಇಕ್ರಿಸ್ಯಾಟ್ ಸಂಸ್ಥೆಯಲ್ಲಿಯೂ ಅರ್ಥಶಾಸ್ತ್ರಜ್ಞರಾಗಿ ದುಡಿದರು. ವಿದ್ವಾಂಸರಾಗಿ ಹೆಸರು ಗಳಿಸಿದ ಅವರು 2011ರಲ್ಲಿ ತಮ್ಮ ದೇಶದ ಕೃಷಿ ಸಚಿವರಾದರು.

ಅಲ್ಲಿ ದಶಕಗಳಿಂದ ಸರ್ಕಾರವೇ ರಸಗೊಬ್ಬರ ಖರೀದಿಸಿ ಹಂಚುತ್ತಿತ್ತು. ರಿಯಾಯಿತಿ ರೈತನ ಹೆಸರಿನಲ್ಲಿ, ಮೂಟೆ ಮಧ್ಯವರ್ತಿಯ ಗೋದಾಮಿನಲ್ಲಿ! ನೂರಕ್ಕೆ 11 ರೈತರಿಗಷ್ಟೇ ಅದು ದೊರೆಯುತ್ತಿತ್ತೆಂಬುದು ಅಡೆಸಿನಾ ಅವರ ಲೆಕ್ಕ. ಅವರು ಆ ಖರೀದಿಯನ್ನೇ ನಿಲ್ಲಿಸಿದರು. ನೋಂದಾಯಿತ ರೈತನ ಮೊಬೈಲಿಗೆ ಸಂದೇಶ ಬರುವ, ಅದರ ಆಧಾರದಲ್ಲಿ ಆತ ಅಂಗಡಿಯಲ್ಲಿ ಅರ್ಧ ಬೆಲೆಗೆ ಗೊಬ್ಬರ ಪಡೆಯುವ ವ್ಯವಸ್ಥೆ 2012ರಲ್ಲಿ ಜಾರಿಗೆ ಬಂದಿತು. ಮೊಬೈಲ್ ಇಲ್ಲದವರಿಗೆ, ಸಿಗ್ನಲ್ ಸಿಗದ ಹಳ್ಳಿಗಳಿಗೆ ತೊಡಕುಗಳಿದ್ದವು. ಆದರೂ ಪರರ ಕೈ ಕಾಯುತ್ತಿದ್ದ ರೈತ ಹಕ್ಕುದಾರನಾಗಿ ಅಂಗಡಿಯ ಮೆಟ್ಟಿಲೇರಿದನು.

2015ರಲ್ಲಿ ಅಡೆಸಿನಾ ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ಅಧ್ಯಕ್ಷರಾದರು. 2017ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಾಗ, ಆ 2,50,000 ಡಾಲರ್ ಹಣವನ್ನು ಯುವ ಕೃಷಿಕರಿಗಾಗಿ ಮುಡಿಪಿಟ್ಟರು.

ಶಾಸನವು ರೈತನಿಗೆ ಹಕ್ಕನ್ನು ಬರೆದುಕೊಡಬಲ್ಲದು. ಹೊಲದ ಬದುವಿನವರೆಗೆ ಅದನ್ನು ಒಯ್ಯುವ ದಾರಿಯನ್ನು ಯಾರಾದರೂ ಕಡಿಯಲೇಬೇಕು. ಹೊಲ ಸೋತರೆ ಶಾಲೆಯ ಬೆಂಚು ಬರಿದಾಗುತ್ತದೆಂಬುದನ್ನು ಬಾಲ್ಯದಲ್ಲೇ ಕಂಡವನಿಗೆ ಆ ದಾರಿಯ ಬೆಲೆ ತಿಳಿದಿತ್ತು.