ತರಕಾರಿಯ ಸಿಪ್ಪೆಯ ವಿಷಯವಾಗಿ

ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ಓದುವ ಈ ಸಂಚಿಕೆಗೆ ವಿದ್ಯೆಯ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ನನ್ನನ್ನು ಕೇಳಿಕೊಂಡಿದ್ದರು. ಆದರೆ ಮುಖ್ಯೋಪಾಧ್ಯಾಯಿನಿಯಾದವಳು ತರಗತಿಯ ಬಾಗಿಲಲ್ಲಿ ಎಷ್ಟು ಸಾರಿ ನಿಲ್ಲುವಳೋ, ವಿದ್ಯಾರ್ಥಿನಿಲಯದ ಅಡಿಗೆಮನೆಯ ಬಾಗಿಲಲ್ಲಿಯೂ ಹೆಚ್ಚುಕಡಿಮೆ ಅಷ್ಟು ಸಾರಿ ನಿಲ್ಲಬೇಕಾಗುತ್ತದೆ. ಅಲ್ಲಿ ಮೆಟ್ಟುಕತ್ತಿಯ ಪಕ್ಕದಲ್ಲಿರುವ ಬುಟ್ಟಿಯನ್ನು ನೋಡಿ ನೋಡಿ ನನಗೆ ತೋಚಿದ್ದನ್ನೇ ಬರೆಯುತ್ತೇನೆ. ಅದೂ ಒಂದು ವಿದ್ಯೆಯೇ ಸರಿ.

ಆ ಬುಟ್ಟಿಯಲ್ಲಿ ಏನೇನು ಬೀಳುತ್ತದೆಂಬದನ್ನು ಗೃಹಿಣಿಯರಾದ ನಿಮಗೆ ಹೇಳಬೇಕಾಗಿಲ್ಲ. ಹೀರೇಕಾಯಿಯ ಸಿಪ್ಪೆ, ಬಾಳೆಕಾಯಿಯ ಸಿಪ್ಪೆ, ಮೂಲಂಗಿಯ ಸೊಪ್ಪು, ಹೂಕೋಸಿನ ಎಲೆ, ಸೌತೆಯ ತಿರುಳು, ಬಚ್ಚಂಗಾಯಿಯ ಬಿಳಿಯ ಭಾಗ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಇವುಗಳಲ್ಲಿ ಒಂದಾದರೂ ಹೊರಗೆ ಹೋಗುತ್ತಿರಲಿಲ್ಲ. ಹೀರೇಕಾಯಿಯ ಸಿಪ್ಪೆಯನ್ನು ಉದ್ದಿನಬೇಳೆ, ಮೆಣಸಿನಕಾಯಿಗಳೊಡನೆ ಹುರಿದು, ತೆಂಗಿನಕಾಯಿ ಹುಣಿಸೆಹಣ್ಣು ಸೇರಿಸಿ ಅರೆದರೆ ಚಟ್ನಿ; ಸೌತೆಯ ತಿರುಳನ್ನು ಬೀಜಸಹಿತ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ; ಬಾಳೆಕಾಯಿಯ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಗರು ಹೋಗುವಂತೆ ಮಜ್ಜಿಗೆನೀರಿನಲ್ಲಿ ನೆನಸಿ, ಹೆಸರುಕಾಳಿನೊಡನೆ ಬೇಯಿಸಿದರೆ ಪಲ್ಯ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತಮ್ಮ ಮಗಳ ಅಂಕಗಳ ವಿಷಯ ಮಾತಾಡಲು ಬಂದಿದ್ದರು. ಹುಡುಗಿ ಮಧ್ಯಾಹ್ನದಲ್ಲಿ ಬುತ್ತಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು, ಗೋಡೆಗೆ ಮುಖಮಾಡಿ ಉಣ್ಣುತ್ತಾಳೆಂದು ನಾನು ತಿಳಿಸಿದೆನು. ಆ ತಾಯಿ ತಲೆತಗ್ಗಿಸಿ, “ನಮ್ಮಲ್ಲಿ ಬಚ್ಚಂಗಾಯಿ ಸಿಪ್ಪೆಯ ದೋಸೆ ಮಾಡುವುದುಂಟು ಟೀಚರೇ. ಶಾಲೆಯಲ್ಲಿ ಯಾರಿಗೂ ಹೇಳಬೇಡವೆಂದು ಮಗಳಿಗೆ ನಾನೇ ಹೇಳಿದ್ದೇನೆ,” ಎಂದರು. “ಅಮ್ಮಾ, ನಾನು ಆ ದೋಸೆಯನ್ನು ತಿಂದುಕೊಂಡೇ ಟ್ರೇನಿಂಗ್ ಸ್ಕೂಲಿಗೆ ಹೋದವಳು,” ಎಂದೆನು. ಅವರು ನಂಬಿದರೋ ಇಲ್ಲವೋ ತಿಳಿಯದು. ಸಿಪ್ಪೆ ಬಡವರ ಊಟವೆಂಬ ನಾಚಿಕೆಯು ನಮ್ಮ ಮನೆಗಳಿಗೆ ಎಲ್ಲಿಂದ ಬಂದಿತು? ಅಕ್ಕಿಯ ತವುಡನ್ನು ದನಕ್ಕೆ ಹಾಕಿ, ಗೋಧಿಯ ತವುಡನ್ನು ಬಣ್ಣದ ಪೊಟ್ಟಣದಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳುವವರಿಗೆ ಈ ನಾಚಿಕೆ ಇಲ್ಲವಲ್ಲಾ!

ತವುಡಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದನು. ನುಣುಪಾದ ಬಿಳಿಯಕ್ಕಿಯನ್ನು ತಿಂದ ಕೋಳಿಗಳ ಕಾಲುಗಳು ಸೋತು ಬಿದ್ದವು; ತವುಡು ಉಳಿದಿರುವ ಅಕ್ಕಿಯನ್ನು ಕೊಟ್ಟಾಗ ಅವು ಚೇತರಿಸಿಕೊಂಡವು. ಮನುಷ್ಯರು ತೆಗೆದೆಸೆದ ಆ ಸಿಪ್ಪೆಯಲ್ಲಿಯೇ ಇಂದು ನಾವು ಬಿ1 ಎಂದು ಕರೆಯುವ ಜೀವಸತ್ವವಿತ್ತು. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿಯಾದರೋ, ಭತ್ತವನ್ನು ಸಿಪ್ಪೆಸಹಿತ ಬೇಯಿಸುವಾಗಲೇ ಆ ಸತ್ವದ ಒಂದಂಶವು ಕಾಳಿನೊಳಗೆ ಇಳಿಯುತ್ತದೆ. ನಮ್ಮ ಹಿರಿಯರು ನೊಬೆಲ್ ಬಹುಮಾನಕ್ಕೆ ಕಾಯದೆ ಗಂಜಿ ಉಂಡರು.

ಹೆಣ್ಣುಮಕ್ಕಳ ಶಾಲೆಯಲ್ಲಿ ಈ ವಿಷಯವನ್ನು ಎತ್ತುವುದಕ್ಕೆ ಬೇರೊಂದು ಕಾರಣವೂ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದ್ದಿತು. ಬೆಳಗಿನ ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಬಿಳಿಚಿಕೊಂಡ ಮುಖಗಳನ್ನು ಕಾಣುವಾಗ ಆ ಲೆಕ್ಕವು ನನಗೆ ಬರಿಯ ಲೆಕ್ಕವಾಗಿ ತೋರುವುದಿಲ್ಲ. ನಾವು ಹೂವನ್ನಿಟ್ಟುಕೊಂಡು ಎಸೆಯುವ ಹೂಕೋಸಿನ ಎಲೆಯಲ್ಲಿ ಹೂವಿಗಿಂತಲೂ, ಮೂಲಂಗಿಯ ಸೊಪ್ಪಿನಲ್ಲಿ ಗೆಡ್ಡೆಗಿಂತಲೂ ಕಬ್ಬಿಣದ ಅಂಶವು ಹೆಚ್ಚು. ಸೊಪ್ಪಿನ ಕಬ್ಬಿಣವು ಶರೀರಕ್ಕೆ ಸುಲಭವಾಗಿ ಹತ್ತುವುದಿಲ್ಲವೆಂಬದು ನಿಜ. ಆದಕಾರಣ ಪಲ್ಯದ ಮೇಲೆ ಲಿಂಬೆಯ ರಸವನ್ನು ಹಿಂಡಿರಿ, ಊಟದ ಸಂಗಡಲೇ ಚಹಾ ಕಾಫಿಗಳನ್ನು ಕೊಡಬೇಡಿರಿ. ರಕ್ತಹೀನತೆ ಬಲವಾಗಿದ್ದರೆ ಸೊಪ್ಪನ್ನೇ ನಂಬಿ ಕೂಡ್ರದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ನಾರಿನ ವಿಷಯವೂ ಹೀಗೆಯೇ. ಹತ್ತು ವರ್ಷ ದಾಟಿದವರು ದಿನಕ್ಕೆ 25 ಗ್ರಾಮಿಗೆ ಕಡಿಮೆಯಾಗದಂತೆ ನಾರನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು. ಬಿಳಿಯನ್ನ, ಮೈದಾಬಿಸ್ಕತ್ತುಗಳಿಂದ ಅಷ್ಟು ಕೂಡಿಬರುವುದಿಲ್ಲ. ಸಿಪ್ಪೆಯೂ ತಿರುಳೂ ಇಲ್ಲಿ ಒದಗುತ್ತವೆ.

ಹಾಗೆಂದು ಸತ್ವವೆಲ್ಲ ಸಿಪ್ಪೆಯಲ್ಲಿಯೇ ಇದೆ ಎಂಬ ಮಾತನ್ನು ನಾನು ಒಪ್ಪುವವಳಲ್ಲ. ಬಟಾಟೆಯ ಸಿ ಜೀವಸತ್ವವು ಬಹುಪಾಲು ಅದರ ತಿರುಳಿನಲ್ಲಿಯೇ ಇದೆ. ಹಸುರಾದ ಅಥವಾ ಮೊಳೆತ ಬಟಾಟೆಯ ಸಿಪ್ಪೆಯಲ್ಲಿ ಸೊಲನಿನ್ ಎಂಬ ವಿಷವುಂಟು. ಬೇಯಿಸಿದರೂ ಅದು ಹೋಗುವುದಿಲ್ಲ. ಮರಗೆಣಸಿನ ಸಿಪ್ಪೆಯಲ್ಲಿ ಸಯನೈಡನ್ನು ಹುಟ್ಟಿಸುವ ಅಂಶವಿರುವುದರಿಂದ ಅದನ್ನು ಎಂದೂ ಅಡಿಗೆಗೆ ತೆಗೆದುಕೊಳ್ಳಬಾರದು. ಅಜ್ಜಿಯಂದಿರಿಗೆ ಇಲ್ಲದ ಇನ್ನೊಂದು ತೊಂದರೆಯು ನಮಗಿದೆ. ಪೇಟೆಯ ತರಕಾರಿಗೆ ಔಷಧ ಹೊಡೆದಿರುತ್ತಾರೆ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಅದು ಕಡಿಮೆಯಾದೀತು, ಪೂರ್ಣವಾಗಿ ಹೋಗದು. ಹೀಗಿರಲಾಗಿ ಹಿತ್ತಲಲ್ಲಿ ಬೆಳೆದ ಕಾಯಿಯ ಸಿಪ್ಪೆಯನ್ನು ಮೊದಲು ಆರಿಸಿರಿ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಈಗ ಎರಡು ಬುಟ್ಟಿಗಳನ್ನಿಟ್ಟಿದ್ದೇವೆ. ಒಂದರಲ್ಲಿದ್ದುದು ತೊಳೆದು ಒರಳಿಗೆ ಹೋಗುತ್ತದೆ. ಬಚ್ಚಂಗಾಯಿಯ ಕಾಲದಲ್ಲಿ ಹೊರಗಿನ ಹಸುರನ್ನು ಹೆರೆದು, ಬಿಳಿಯ ಭಾಗವನ್ನು ನೆನೆದ ಅಕ್ಕಿಯೊಡನೆ ಅರೆದು ದೋಸೆ ಹೊಯ್ಯುತ್ತಾರೆ. ಹುಡುಗಿಯರು ಎರಡನೆಯ ಸಾರಿ ಕೇಳುತ್ತಾರೆ. ಮತ್ತೊಂದು ಬುಟ್ಟಿಯದು ಹಿತ್ತಲ ಗುಂಡಿಗೆ ಬಿದ್ದು, ಗೊಬ್ಬರವಾಗಿ, ಬಸಳೆಯ ಚಪ್ಪರದ ಬುಡಕ್ಕೆ ಸೇರುತ್ತದೆ.