ಜಡ್ಡಿಗೆ ನಾಲ್ಕು ಮಾತು

ಸಂತೆಯ ದಿನ ಕಲಬುರಗಿ ಜಿಲ್ಲೆಯ ನಮ್ಮ ಕಡೆಯ ಸರಕಾರಿ ದವಾಖಾನಿಯಲ್ಲಿ ಚೀಟಿ ಮಾಡಿಸುವ ಸಾಲು ಗೇಟಿನ ತನಕ ಬರುತ್ತದೆ. ಬಸ್ಸಿನ ಖರ್ಚು ಒಂದೇ ಸಲಕ್ಕೆ ಮುಗಿಯಲಿ ಎಂದು ಜನ ಸಂತೆ, ಬ್ಯಾಂಕು, ಜಡ್ಡು ಮೂರನ್ನೂ ಒಂದೇ ದಿನಕ್ಕೆ ಇಟ್ಟುಕೊಂಡಿರುತ್ತಾರೆ. ಕಳೆದ ಮಳೆಗಾಲದಲ್ಲಿ ಅಂಥದೊಂದು ದಿನ ಅವ್ವನ ಬಿಪಿ ಗುಳಿಗಿಗೆಂದು ಅವಳನ್ನು ಕರೆದುಕೊಂಡು ಕೂತಿದ್ದೆ. ನಮ್ಮ ಮುಂದೆ ಚಿಂಚೋಳಿ ಕಡೆಯ ಲಂಬಾಣಿ ತಾಂಡಾದ ಒಬ್ಬ ಮುದುಕಿ, ಜೊತೆಗೆ ಆಕೆಯ ಮಗ.

"ಏನಾಗ್ಯಾದ ಆಯಿ?" ಎಂದರು ಡಾಕ್ಟರು.

"ಪೇಟ ದೂಕರೋಚ."

ಹೊಟ್ಟೆನೋವು ಎಂಬುದು ಯಾರಿಗಾದರೂ ತಿಳಿಯುತ್ತದೆ. ನಮ್ಮಲ್ಲಿ ಅದಕ್ಕೆ ನಾಲ್ಕು ಮಾತಿವೆ. ನಾವು ಹೊಟ್ಟಿ ಕಡೀಲತ್ತದ ಎನ್ನುತ್ತೇವೆ, ತಾಂಡೂರಿನ ಕಡೆಯವರು ಕಡುಪು ನೊಸ್ತುಂದಿ ಎನ್ನುತ್ತಾರೆ, ಶಹಾಬಾದಿನ ಕಲ್ಲಿನ ಗಣಿಗಳ ಓಣಿಯಲ್ಲಿ ಪೇಟ್ ದುಖ್ರಾ ಎಂಬುದು ಕೇಳಿಸುತ್ತದೆ, ತಾಂಡಾದಲ್ಲಿ ಹೀಗೆ. ಕಷ್ಟ ಬಂದದ್ದು ಎರಡನೇ ಪ್ರಶ್ನೆಗೆ. ಎಷ್ಟು ದಿನದಿಂದ? ಮುಟ್ಟು ನಿಂತು ಎಷ್ಟು ವರ್ಷವಾಯಿತು? ಡಾಕ್ಟರು ಕನ್ನಡದಲ್ಲಿ ಕೇಳಿದರು, ಮಗ ನೆಲ ನೋಡುತ್ತಾ ಅರ್ಧ ಮಾತು ಲಂಬಾಣಿಗೆ ತಿರುಗಿಸಿದ, ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನಾದಳು. ಹೆತ್ತ ಮಗನ ಬಾಯಿಂದ ಆ ಮಾತನ್ನು ಯಾವ ತಾಯಿ ಹೇಳಿಸಿಯಾಳು? ಗ್ಯಾಸಿನ ಗುಳಿಗಿ ಬರೆದುಕೊಟ್ಟರು. ಡಾಕ್ಟರ ತಪ್ಪೆಂದು ನಾನು ಹೇಳಲಾರೆ. ಹೊರಗೆ ಇನ್ನೂ ಎಂಬತ್ತು ಮಂದಿ ನಿಂತಿದ್ದರು.

ಬಸುರಿ ಹೆಣ್ಣುಮಗಳೊಬ್ಬಳನ್ನು ತಪಾಸಣೆಗೆ ಕರೆತಂದಿದ್ದ ಬೇರೆ ತಾಂಡಾದ ಆಶಾ ಕಾರ್ಯಕರ್ತೆ ನಮ್ಮ ಬೆಂಚಿನಲ್ಲೇ ಇದ್ದಳು. ಮುದುಕಿ ಹೊರಬಂದ ರೀತಿ ನೋಡಿ "ಯಾಡಿ" (ಅವ್ವಾ) ಎಂದು ಕರೆದು ಪಕ್ಕಕ್ಕೆ ಕೂಡಿಸಿಕೊಂಡಳು. ತಮ್ಮ ಮಾತಿನಲ್ಲಿ ಹತ್ತು ನಿಮಿಷ ಮಾತಾಡಿದರು. ಆಮೇಲೆ ಮಗನನ್ನು ಹೊರಗೆ ನಿಲ್ಲಿಸಿ ಇಬ್ಬರೂ ಮತ್ತೆ ಒಳಗೆ ಹೋದರು. ಮುಟ್ಟು ನಿಂತು ಹನ್ನೆರಡು ವರ್ಷವಾಗಿದ್ದ ಆ ಜೀವಕ್ಕೆ ಆರು ತಿಂಗಳಿಂದ ರಕ್ತ ಹೋಗುತ್ತಿತ್ತು. ಆ ವಯಸ್ಸಿನಲ್ಲಿ ಹಾಗಾದರೆ ಗರ್ಭಕೋಶದ ಕ್ಯಾನ್ಸರ್ ಇಲ್ಲವೆಂದು ಖಾತ್ರಿಯಾಗುವ ತನಕ ಯಾವ ಡಾಕ್ಟರೂ ಬಿಡುವುದಿಲ್ಲ. ಹಳೆಯ ಚೀಟಿ ಹರಿದು ಹಾಕಿ ಕಲಬುರಗಿಗೆ ಬರೆದುಕೊಟ್ಟರು.

ನಮ್ಮ ಕಡೆ ಯಾವ ಕಚೇರಿಗೆ ಹೊರಟರೂ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ನಮ್ಮವರು ಯಾರರ ಅದಾರೇನು?" ಇದು ವಶೀಲಿಯ ಮಾತೆಂದು ಹೊರಗಿನವರಿಗೆ ಅನಿಸಬಹುದು. ಅದರ ಅಡಿಯಲ್ಲಿ ಇರುವುದು ಹೆದರಿಕೆ. ನನ್ನ ಮಾತು ಅಲ್ಲಿ ಯಾರಿಗೆ ತಿಳಿದೀತು, ತಿಳಿಯದಿದ್ದರೆ ನನ್ನನ್ನು ಹೇಗೆ ಕಂಡಾರು ಎಂಬ ಹೆದರಿಕೆ.

ಅದಕ್ಕೆ ಕಾರಣವೂ ಇದೆ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಚಿತ್ತಾಪುರದ ನಮ್ಮ ಮುತ್ಯಾ ಹೊಲದ ತಕರಾರಿಗೆ ದರಖಾಸ್ತು ಬರೆಸಲು ದುಡ್ಡು ಕೊಟ್ಟು, ತಾನು ಓದಲಾರದ ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಮಾಡಿ ಬರುತ್ತಿದ್ದನಂತೆ. ಅದರಲ್ಲಿ ಏನು ಬರೆದಿತ್ತೋ ಸಾಯುವ ತನಕ ಅವನಿಗೆ ಸಂಶಯ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಕಚೇರಿಗೆ ನಿಧಾನವಾಗಿ ಕನ್ನಡ ಬಂತು. ನಮಗೆ ಉಸಿರು ಬಂದಂತಾಯಿತು. ಅದೇ ದಿನಗಳಲ್ಲಿ ಉರ್ದು ಮಾತ್ರ ಓದಬಲ್ಲ ಪಕ್ಕದ ಮನೆಯ ಚಾಚಾ, ತೆಲುಗು ಮಾತ್ರ ಬಲ್ಲ ಗಡಿಯ ರೈತ, ಯಾವ ಲಿಪಿಯೂ ಗೊತ್ತಿಲ್ಲದ ತಾಂಡಾದ ನಾಯಕ, ಇವರೆಲ್ಲ ನಮ್ಮ ಮುತ್ಯಾ ನಿಂತಿದ್ದ ಜಾಗದಲ್ಲಿ ನಿಂತರು. ಇದನ್ನು ನಾವು ಬಹಳ ದಿನ ನೋಡಲಿಲ್ಲ.

ಕನ್ನಡಕ್ಕೂ ಇಲ್ಲಿ ಒಂದು ತೊಡಕಿದೆ. ದಕ್ಷಿಣದ ಜಿಲ್ಲೆಗಳಿಂದ ಬಂದ ಡಾಕ್ಟರಿಗೆ ನಮ್ಮ ಜನ "ಜಡ್ಡಿಗೆ ಬಿದ್ದೀನ್ರಿ" ಎಂದರೆ ಕಾಯಿಲೆಯ ಬದಲು ಕೈಯ ಜಡ್ಡು ನೆನಪಾಗುತ್ತದೆ. "ಚಕ್ಕರ್ ಬರ್ಲತ್ತದ" ಎಂದರೆ ತಲೆಸುತ್ತು ಎಂದು ಹೊಳೆಯಲು ಒಂದು ತಿಂಗಳು ಬೇಕು. ಕನ್ನಡ ಹಲವು ಎಂಬುದು ಹೊಸ ಮಾತಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಆಗಲೇ 'ಕನ್ನಡಂಗಳ್' ಎಂದು ಬಹುವಚನದಲ್ಲಿ ಮಾತಾಡಿತ್ತು. ಕಾಗಿಣಾ ನದಿಯ ದಂಡೆಯ ಜನಕ್ಕೆ ಆ ಬಹುವಚನ ನಿತ್ಯದ ಅನುಭವ.

ಈ ಭಾಗದವರಿಗೆ ಓದು, ನೌಕರಿಯಲ್ಲಿ ಪಾಲು ಮೀಸಲಿಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಈ ಭಾಗ ಹಿಂದುಳಿದ ಸಂಕಟದಿಂದ; ಕಚೇರಿಗಳಲ್ಲಿ ನಮ್ಮವರಿಲ್ಲ ಎಂಬ ಕೊರಗೂ ಅದರಲ್ಲಿತ್ತು. ತೆಲಂಗಾಣ ಸೇರಿದ್ದ ಆಂಧ್ರಪ್ರದೇಶಕ್ಕೆ 1973ರ 32ನೇ ತಿದ್ದುಪಡಿಯಲ್ಲೇ 371(ಡಿ) ಸಿಕ್ಕಿತ್ತು. ಅದೇ ನಿಜಾಮರ ನೆಲದ ನಮಗೆ ಮತ್ತೆ ನಾಲ್ಕು ದಶಕ ಹಿಡಿಯಿತು. ಚಿಂಚೋಳಿಯ ವೈಜನಾಥ ಪಾಟೀಲರಂಥವರ ಹೋರಾಟ, ಮಲ್ಲಿಕಾರ್ಜುನ ಖರ್ಗೆಯವರಂಥವರ ದಿಲ್ಲಿಯ ಪ್ರಯತ್ನ ಕೂಡಿ, 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿತು. 2013ರ ಆದೇಶದ ಪ್ರಕಾರ ಈ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಇಲ್ಲಿಯವರಿಗೆ. ನೇಮಕಾತಿ ನಿಧಾನ, ಖಾಲಿ ಕುರ್ಚಿ ಇನ್ನೂ ಇವೆ. ಆದರೂ ನಾಡಕಚೇರಿಯ ಕಿಟಕಿಯಲ್ಲಿ "ಏನ್ ಬೇಕ್ರಿ ಯವ್ವಾ?" ಎಂದು ಕೇಳುವ ದನಿ ಬಂದಾಗ ಅವ್ವನ ಹೆಗಲು ಸಡಿಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ 'ಇಲ್ಲಿಯವರು' ಎಂಬ ಮಾತಿನೊಳಗೂ ಓಣಿಗಳಿವೆ. ಇಲ್ಲಿಯವರೆಂದು ತೋರಿಸುವ 371(ಜೆ) ಪ್ರಮಾಣಪತ್ರ ಊರು ಕೇಳುತ್ತದೆ. ನೌಕರಿಗೆ ಕನ್ನಡ ಬರಬೇಕು, ಅದು ಇರಲೇಬೇಕು. ಲಂಬಾಣಿ ಬರುತ್ತದೆ, ತೆಲುಗು ಬರುತ್ತದೆ ಎಂದು ಬರೆಯುವ ಜಾಗವನ್ನು ಮಾತ್ರ ನಾನು ನೋಡಿದ ಯಾವ ಅರ್ಜಿಯಲ್ಲೂ ಕಂಡಿಲ್ಲ. ತಾಂಡಾದ ಕೆಲಸಕ್ಕೆ ಹೋಗುವ ನರ್ಸಿಗೆ, ತೆಲಂಗಾಣದ ಅಂಚಿನ ಹಳ್ಳಿಯ ಗ್ರಾಮ ಆಡಳಿತಾಧಿಕಾರಿಗೆ ಇದಕ್ಕಿಂತ ದೊಡ್ಡ ಅರ್ಹತೆ ಯಾವುದು?

ಕನ್ನಡಕ್ಕೆ ಇದರಿಂದ ಕುಂದು ಬರುತ್ತದೆ ಎಂದು ನನ್ನ ಗೆಳತಿಯೊಬ್ಬಳು ವಾದಿಸುತ್ತಾಳೆ. ಅವಳಿಗೆ ನಾನು ಅಪ್ಪನ ಕತೆ ಹೇಳುತ್ತೇನೆ. ಅಪ್ಪ ವರ್ಷಾನುಗಟ್ಟಲೆ ತೊಗರಿ ಮಾರಲು ತಾಂಡೂರಿಗೆ ಹೋದವನು, ತೆಲುಗಿನಲ್ಲಿ ಜಗಳ ಮಾಡಿ ರೇಟು ಏರಿಸಿಕೊಂಡು ಬಂದವನು. ವಾಡಿಯಿಂದ ಸಿಕಂದರಾಬಾದಿಗೆ 1874ರಿಂದ ರೈಲಿದೆ. ನಮಗೆ ದೊಡ್ಡ ಜಡ್ಡು ಬಂದರೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಮಲಗಿದ ದಿನ ಅಪ್ಪನಿಗೆ ತೆಲುಗು, ಹಿಂದಿ ಎರಡೂ ಮರೆತುಹೋದವು. ಆಪರೇಷನ್ನಿನ ಕಾಗದ ಮುಂದಿಟ್ಟರೆ ಮುಖ ತಿರುಗಿಸಿ ಮಲಗಿದ. ರಾತ್ರಿ ಪಾಳಿಗೆ ಬಂದ ವಾರ್ಡಿನ ಹುಡುಗ ನಾರಾಯಣಪೇಟೆ ಕಡೆಯವನು, ಮನೆಮಾತು ಕನ್ನಡ. "ಅಂಜಬ್ಯಾಡ ಕಾಕಾ, ನಾ ಇಲ್ಲೇ ಇರ್ತೀನಿ" ಎಂದ. ಬೆಳಗಾದಾಗ ಅಪ್ಪ ತಾನೇ ಪೆನ್ನು ಕೇಳಿದ. ಆ ಹುಡುಗ ಆಡಿದ ಕನ್ನಡದಿಂದ ಅಲ್ಲಿಯ ತೆಲುಗಿಗೆ ಯಾವ ಕುಂದು ಬಂತು?

ಅಮೆರಿಕದ ಓಕ್‌ಲ್ಯಾಂಡ್ ನಗರದಲ್ಲಿ ಮಾರ್ಸೆಲಾ ಆಲ್ಸನ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಭಾಷೆಯದಲ್ಲದಿದ್ದರೂ, 'ನಮ್ಮವರು' ಎಂಬುದು ಡಾಕ್ಟರ ಎದುರು ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆದು ನೋಡಿದೆ. ಕಪ್ಪು ಜನಾಂಗದ ಗಂಡಸರಲ್ಲಿ ಕೆಲವರನ್ನು ಅವರದೇ ಜನಾಂಗದ ಡಾಕ್ಟರ ಬಳಿ, ಉಳಿದವರನ್ನು ಬೇರೆಯವರ ಬಳಿ ಕಳಿಸಿದರು. ಡಾಕ್ಟರ ಫೋಟೊ ಮಾತ್ರ ತೋರಿಸಿದಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಸಮ ಪರೀಕ್ಷೆಗಳನ್ನು ಒಪ್ಪಿಕೊಂಡಿದ್ದರು. ಎದುರಿಗೆ ಕೂತು ಮಾತಾಡಿದ ಮೇಲೆ ತಮ್ಮವರ ಬಳಿ ಹೋದವರು ಹೆಚ್ಚು ಪರೀಕ್ಷೆಗಳಿಗೆ ಒಪ್ಪಿದರು, ಅದರಲ್ಲೂ ರಕ್ತ ಕೊಡಬೇಕಾದ ಪರೀಕ್ಷೆಗಳಿಗೆ. ಮುಖ ನೋಡಿದ್ದಕ್ಕಲ್ಲ, ಮಾತಾಡಿದ್ದಕ್ಕೆ. ಬೆಂಚಿನ ಮೇಲಿನ ಆ ಹತ್ತು ನಿಮಿಷ ನನಗೆ ನೆನಪಾಯಿತು.

ಕೋವಿಡ್ ಕಾಲದಲ್ಲೂ ಕಂಡದ್ದು ಅದೇ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ಹಿರಿಯರೊಬ್ಬರದು. ಆ ಅಂಜಿಕೆ ಇಲ್ಲಿಯ ಹಳ್ಳಿಗಳಲ್ಲಿ ವರ್ಷವಿಡೀ ಕೂತಿತ್ತು. ಮರುವರ್ಷ ಲಸಿಕೆ ಬಂದಾಗ ನನಗೆ ಗೊತ್ತಿರುವ ಒಂದು ತಾಂಡಾದಲ್ಲಿ ಗಾಡಿಯ ಮೈಕು ಪುಸ್ತಕದ ಕನ್ನಡದಲ್ಲಿ ಕೂಗಿ ಹೋಯಿತು, ಬಾಗಿಲು ತೆರೆಯಲಿಲ್ಲ. ಕೊನೆಗೆ ಅಲ್ಲಿಯ ಆಶಾ, ತಾಂಡಾದ ಮುಖಂಡರಲ್ಲೊಬ್ಬನಾದ ಕಾರಭಾರಿಯನ್ನು ಒಪ್ಪಿಸಿ, ಅವನ ಹೆಂಡತಿಗೆ ಎಲ್ಲರ ಎದುರು ಸೂಜಿ ಹಾಕಿಸಿದಳು. ಆ ಸಂಜೆಗೆ ಸಾಲು ನಿಂತಿತು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಆಶಾ ಅದೇ ಊರಿನ ಹೆಣ್ಣುಮಗಳೇ ಆಗಿರಬೇಕೆಂದು ಬರೆದವರ ಕೈಗೆ ನಾನು ನಮಸ್ಕಾರ ಹೇಳುತ್ತೇನೆ. ಅಷ್ಟು ದುಡಿಯುವವಳಿಗೆ ಸಂಬಳವಿಲ್ಲ, ಗೌರವಧನ. ಇದು ನನಗೆ ಇಂದಿಗೂ ನುಂಗಲಾಗದ ತುತ್ತು.

2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿಯವರು ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಿದರು. ತಲೆಮಾರುಗಳಿಂದ ಕಂದಾಯದ ಲೆಕ್ಕದಲ್ಲಿ ಊರೇ ಅಲ್ಲದ ಜಾಗಗಳು ಊರಾದವು. ಮೊನ್ನೆ ದವಾಖಾನಿಯ ಬೆಂಚಿನ ಆ ಆಶಾ ಮತ್ತೆ ಸಿಕ್ಕಾಗ ಅವಳ ಪ್ಲಾಸ್ಟಿಕ್ ಚೀಲದಲ್ಲಿ ಅಂಥದೇ ಹಕ್ಕುಪತ್ರದ ಜೆರಾಕ್ಸ್ ಇತ್ತು. ಮುದುಕಿಯನ್ನು ತಾನೇ ಮೂರು ಸಲ ಕಲಬುರಗಿಗೆ ಕರೆದೊಯ್ದಿದ್ದಾಳೆ, ಔಷಧ ನಡೆದಿದೆ. ಆಶಾಳ ಮಗಳು ಪಿಯುಸಿ ಮುಗಿಸಿದ್ದಾಳೆ, ನರ್ಸಿಂಗ್ ಓದಬೇಕಂತೆ. ಮಗಳ 371(ಜೆ) ಪ್ರಮಾಣಪತ್ರಕ್ಕೆ ಆಶಾ ಸೇಡಂ ಸಹಾಯಕ ಆಯುಕ್ತರ ಕಚೇರಿಗೆ ಹೊರಟಿದ್ದಳು. ಕಾಗದಗಳನ್ನು ನಾನು ಒಂದೊಂದಾಗಿ ನೋಡಿ, ಎಲ್ಲಾ ಸರಿ ಇವೆ ಎಂದೆ. ಬಸ್ಸು ಬಂತು. ಹತ್ತುವ ಮೊದಲು ತಿರುಗಿ ಕೇಳಿದಳು:

"ಅಕ್ಕಾ, ಅಲ್ಲಿ ನಮ್ಮವರು ಯಾರರ ಅದಾರೇನ್ರಿ?"